ರಾಶಿ ಮುಗಿದ ಮೇಲಿನ ರಾತ್ರಿಗಳು

ವೈಶಾಖದ ನಡುಹಗಲಿನಲ್ಲಿ ವಿಜಾಪುರ ಸೀಮೆಯನ್ನು ಕಂಡ ಪರಸ್ಥಳದವನಿಗೆ, ಬಾಯ್ದೆರೆದು ಬಿರಿದ ಆ ಎರೆನೆಲವೂ, ಹರದಾರಿಗೊಂದು ಮರವೂ ಕಾಣದ ಆ ಬಯಲೂ, ನಾಲ್ವತ್ತು ಡಿಗ್ರಿಯನ್ನು ಲೀಲಾಜಾಲವಾಗಿ ದಾಟುವ ಆ ಬಿಸಿಲೂ ಯಾವ ಕಲಾವಿಲಾಸಕ್ಕೂ ಅನುಕೂಲವಾಗಿ ತೋರಲಾರವು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲೂಕುಗಳ ಹಳ್ಳಿಗರು ತಮ್ಮ ಆಟ-ನಾಟಕಗಳಿಗಾಗಿ ತಲೆತಲಾಂತರದಿಂದ ಆರಿಸಿಕೊಂಡದ್ದು ಈ ಕಾಲವನ್ನೇ. ಇದರ ಕಾರಣವನ್ನು ರಸಿಕತೆಯಲ್ಲಿ ಅರಸುವುದಕ್ಕಿಂತ ಬೇಸಾಯದಲ್ಲಿ ಅರಸುವುದು ಲೇಸು. ಮುಂಗಾರಿಗಿಂತ ಹಿಂಗಾರಿಯನ್ನೇ ನೆಚ್ಚಿದ ಈ ಕರಿಯ ಭೂಮಿಯಲ್ಲಿ ಬಿಳಿಜೋಳದ ಸುಗ್ಗಿ ಮಾಘ-ಫಾಲ್ಗುಣಗಳಲ್ಲಿ ಮುಗಿದು, ಕಣದಲ್ಲಿ ಹಂತಿ ಹೂಡಿ, ರಾಶಿ ಮಾಡಿ, ಕಾಳನ್ನು ಹಗೇವಿಗೆ ಇಳಿಸಿದ ತರುವಾಯ, ರೋಹಿಣಿಯ ಮಳೆ ಬೀಳುವವರೆಗೆ ಒಕ್ಕಲಿಗನ ಕೈ ಬಿಡುವಾಗಿರುತ್ತದೆ. ಆಗ ಮನೆಯಲ್ಲಿ ಕಾಳೂ ಉಂಟು, ಮನಸ್ಸಿನಲ್ಲಿ ಹಗುರವೂ ಉಂಟು. ಕಾದ ನೆಲ ಇರುಳಿನಲ್ಲಿ ತಣಿದು ಗಾಳಿ ಬೀಸತೊಡಗಿದೊಡನೆ, ಮಾಳಿಗೆಯ ಮನೆಯೊಳಗೆ ನಿದ್ದೆ ಹತ್ತದ ಮಂದಿಗೆ ಕಂಬಳಿಯನ್ನು ಹೆಗಲಿಗೇರಿಸಿ ಹೊರಬೀಳಲು ಒಂದು ನೆವ ಮಾತ್ರ ಬೇಕಾಗಿರುತ್ತದೆ. ಮಳೆ ಕೈಕೊಟ್ಟ ವರುಷ ಹಗೇವು ಬರಿದು. ಅಂಥ ವರುಷ ಅಟ್ಟ ಕಟ್ಟುವ ಉತ್ಸಾಹವೂ ಬರಿದೇ.

ಆ ನೆವವನ್ನು ಮೊದಲು ಒದಗಿಸಿದ್ದು ಬಯಲಾಟ. ರಾತ್ರಿ ಹತ್ತಕ್ಕೆ ಆರಂಭವಾಗಿ ಬೆಳ್ಳಿ ಮೂಡುವವರೆಗೆ ಸಾಗುವ ದೊಡ್ಡಾಟದ ರಾಕ್ಷಸ ಗಾಂಭೀರ್ಯವೊಂದು ಕಡೆಗಾದರೆ, ಮತ್ತೊಂದು ಕಡೆಗೆ ಸಣ್ಣಾಟದ ಲೌಕಿಕ ಸರಸವಿತ್ತು. ಅಪರಾಳದ ತಮ್ಮಣ್ಣನು ರಚಿಸಿ, ಕುಲಗೋಡದ ತಮ್ಮಣ್ಣನು ರಂಗಕ್ಕೆ ಹೊಂದಿಸಿದ ‘ಶ್ರೀಕೃಷ್ಣ ಪಾರಿಜಾತ’ವು ಬೆಳಗಾವಿ ಸೀಮೆಯಿಂದ ಕೃಷ್ಣಾತೀರದುದ್ದಕ್ಕೂ ಹಬ್ಬಿ ಈ ಭಾಗದಲ್ಲಿಯೂ ಮನೆಮಾತಾಯಿತು. ಸತ್ಯಭಾಮೆಯ ಸವತಿಮತ್ಸರವು ದ್ವಾರಕೆಯದೆಂದು ಯಾರೂ ನಂಬುತ್ತಿರಲಿಲ್ಲ; ಅದು ತಮ್ಮ ಓಣಿಯದೆಂದೇ ಹೆಣ್ಣುಮಕ್ಕಳು ನಗುತ್ತಿದ್ದರು. ಬೈಲಹೊಂಗಲದಲ್ಲಿ ನಡೆದ ಒಂದು ಕೊಲೆಯ ಪ್ರಸಂಗದಿಂದ ಹುಟ್ಟಿದ ‘ಸಂಗ್ಯಾ ಬಾಳ್ಯಾ’ವಂತೂ ದೇವರ ಹಂಗನ್ನೇ ತೊರೆದು, ಗೆಳೆತನ, ಕಾಮ, ವಂಚನೆಗಳನ್ನು ರೈತಾಪಿ ಮಂದಿಯ ಮಾತಿನಲ್ಲಿಯೇ ಹಾಡಿ ತೋರಿಸಿತು. ಪಂಡಿತರು ಇದನ್ನು ಬಹುಕಾಲ ಗ್ರಾಮ್ಯವೆಂದು ಮೂಗು ಮುರಿದರು. ಮೂಗು ಮುರಿದವರಲ್ಲಿ ಎಷ್ಟು ಮಂದಿ ಬೆಳತನಕ ಕುಳಿತು ನೋಡಿದವರೋ, ಅದನ್ನು ನಾವು ಕೇಳಬಾರದು.

ಇನ್ನು ಕಂಪನಿ ನಾಟಕಗಳು ಬಂದ ಬಗೆ ವಿಚಿತ್ರವಾದದ್ದು. 1876ರಿಂದ 78ರವರೆಗಿನ ಘೋರ ಕ್ಷಾಮದಲ್ಲಿ ಈ ಪ್ರಾಂತವು ಅನ್ನವಿಲ್ಲದೆ ನವೆದ ಬಳಿಕ, ಇಂಥ ಬರದ ನಾಡಿಗೆ ಧಾನ್ಯವನ್ನು ಸಾಗಿಸಲು ಅನುಕೂಲವಾಗಲೆಂಬ ಯೋಚನೆಯಿಂದ ಹಾಕಿದ ಹೊಟಗಿ-ಗದಗ ರೈಲುದಾರಿಯು 1884ರಲ್ಲಿ ತೆರೆಯಿತು. ಅದರ ಉತ್ತರದ ತುದಿಗೆ ಮರಾಠಿ ಸಂಗೀತ ನಾಟಕದ ರುಚಿ ಹತ್ತಿದ ಸೊಲ್ಲಾಪುರ. ದಕ್ಷಿಣದ ತುದಿಗೆ, ಮರಾಠಿ ನಾಟಕಗಳ ಪ್ರಾಬಲ್ಯಕ್ಕೆ ಎದುರಾಗಿ ಶಾಂತಕವಿಗಳು 1870ರ ದಶಕದಲ್ಲಿಯೇ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದ್ದ ಗದಗ. ಜೋಳದ ಚೀಲಗಳಿಗಾಗಿ ಹಾಕಿದ ಹಳಿಯ ಮೇಲೆ ಅರಮನೆ, ಉದ್ಯಾನ, ರಾಜಬೀದಿಗಳನ್ನು ಬರೆದ ಪಡದೆಗಳ ಸುರುಳಿಗಳೂ ಪ್ರಯಾಣ ಮಾಡತೊಡಗಿದವು. ಇಂಡಿಗೂ ಬಾಗೇವಾಡಿಗೂ ಊರಿನಿಂದ ದೂರವಾದರೂ ತಮ್ಮ ಹೆಸರಿನ ‘ರೋಡ್’ ಸ್ಟೇಶನ್ನುಗಳಿದ್ದವು. ಸಿಂದಗಿ, ಮುದ್ದೇಬಿಹಾಳಗಳಿಗೆ ಆ ಭಾಗ್ಯವಿರಲಿಲ್ಲ. ಆದುದರಿಂದಲೇ ಈ ಎರಡು ತಾಲೂಕುಗಳಲ್ಲಿ ಕಂಪನಿಯ ಬರವನ್ನು ಕಾಯದೆ ತಾವೇ ಬಣ್ಣ ಹಚ್ಚಿಕೊಳ್ಳುವ ಹವ್ಯಾಸವು ಹೆಚ್ಚು ಬಲವಾಗಿ ಬೇರೂರಿತೆಂದು ನನ್ನ ಊಹೆ. ಪುಷ್ಯದ ಬನಶಂಕರಿ ಜಾತ್ರೆಯಲ್ಲಿ ತಿಂಗಳುಗಟ್ಟಲೆ ಸಾಲುಗಟ್ಟಿ ನಿಂತ ಕಂಪನಿಗಳು ತರುವಾಯ ಊರೂರಿನ ಜಾತ್ರೆಗಳನ್ನು ಹಿಡಿದು ಚದರುತ್ತಿದ್ದವು. ಅವು ತಗಡಿನ ಥೇಟರು ಹಾಕಿ ಕ್ಯಾಂಪು ಮಾಡಿದಲ್ಲಿಗೆ ಹತ್ತಾರು ಹಳ್ಳಿಗಳಿಂದ ಚಕ್ಕಡಿಗಳು ಹೊರಡುತ್ತಿದ್ದವು, ರೊಟ್ಟಿಯ ಬುತ್ತಿಯೊಡನೆ, ಚಕ್ಕಡಿಯಲ್ಲಿ ಮಲಗಿದ ಕೂಸುಗಳೊಡನೆ. ಮೆಚ್ಚಿದ ಪದಕ್ಕೆ ‘ವನ್ಸ್ ಮೋರ್’ ಎಂಬ ಕೂಗೆದ್ದರೆ, ಆಗತಾನೆ ಸತ್ತು ಬಿದ್ದ ಅರಸನೂ ಎದ್ದು ಮತ್ತೆ ಹಾಡಿ ಮತ್ತೆ ಸಾಯಬೇಕಾಗುತ್ತಿತ್ತು.

ನೋಡಿ ಬಂದವರು ಸುಮ್ಮನಿರಲಿಲ್ಲ. ಉಗಾದಿ ಕಳೆಯುತ್ತಲೇ ಊರಿನ ಹರೆಯದವರು ಕೂಡಿ ಪಟ್ಟಿ ಎತ್ತಿ, ಪರಊರಿನಿಂದ ಪೇಟಿ ಬಾರಿಸುವ ನಾಟಕದ ಮಾಸ್ತರರನ್ನು ಕರೆತಂದು, ಗುಡಿಯಲ್ಲಿಯೋ ಶಾಲೆಯ ಪಡಸಾಲೆಯಲ್ಲಿಯೋ ತಾಲೀಮು ಹೂಡುತ್ತಿದ್ದರು. ಅಕ್ಷರ ಬಾರದವನಿಗೆ ಮಾಸ್ತರರು ಮಾತನ್ನು ಬಾಯಿಂದ ಬಾಯಿಗೆ ದಾಟಿಸುವರು. ಅವನು ಅದನ್ನು ಎತ್ತುಗಳ ಮುಂದೆ ಒಪ್ಪಿಸಿ ಒಪ್ಪಿಸಿ ಗಟ್ಟಿ ಮಾಡುವನು. ಸ್ತ್ರೀಪಾರ್ಟನ್ನು ಮೊದಲು ಮೀಸೆ ಮೂಡದ ಹುಡುಗರೇ ಹಾಕುತ್ತಿದ್ದರು. ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮನಂಥ ಕಲಾವಿದೆ ಕೀರ್ತಿ ಪಡೆದ ಮೇಲೂ ಹಳ್ಳಿಯ ಹವ್ಯಾಸಿಗಳು ಬಹುಕಾಲ ಹಿಂಜರಿದರು. ಕ್ರಮೇಣ ನಟಿಯರನ್ನು ಸಂಭಾವನೆ ಕೊಟ್ಟು ಹೊರಗಿನಿಂದ ಕರೆಸುವ ವಾಡಿಕೆ ಬಂತು, ಒಟ್ಟು ಖರ್ಚಿನಲ್ಲಿ ಅದೇ ದೊಡ್ಡ ಬಾಬೂ ಆಯಿತು. ಆಟದ ದಿನ ಗ್ಯಾಸಬತ್ತಿಯ ಬೆಳಕಿನಲ್ಲಿ ನಾಂದಿ ಮುಗಿದು ಕಥೆ ಕಾವೇರಿದ ಹೊತ್ತಿಗೆ ಆಯೇರಿ ಶುರುವಾಗುವುದು: ಪಾತ್ರಧಾರಿಯ ಸೋದರಮಾವನು ರುಮಾಲನ್ನೋ, ಬೀಗರು ರೂಪಾಯಿಯನ್ನೋ ತಂದು ಕೊಡುವರು, ಕೊಟ್ಟವರ ಹೆಸರನ್ನು ಸಭೆಗೆ ಕೇಳುವಂತೆ ಸಾರುವವರೆಗೆ ಧರ್ಮರಾಯನು ಗದೆ ಹಿಡಿದ ಭೀಮನನ್ನು ತಡೆದು ನಿಲ್ಲಬೇಕು. ರಸಭಂಗವೆಂದು ವಿಮರ್ಶಕರು ಬೇಸರಪಡುವುದು ಸಹಜವೇ. ಆದರೆ ಮಾವನ ಕಣ್ಣೆದುರಿಗೆ ಅಳಿಯನು ಒಂದು ರಾತ್ರಿಯ ಮಟ್ಟಿಗೆ ಪಾಂಡವನಾಗುವ ಈ ಸುಖವನ್ನು ಬಿಟ್ಟರೆ ಹಳ್ಳಿಯ ನಾಟಕದಲ್ಲಿ ಉಳಿಯುವುದು ಬರಿಯ ಪಡದೆ.

ಈ ಹವ್ಯಾಸಿಗಳ ಕುಲದೈವವೆನ್ನಬಹುದಾದವರು ಇದೇ ಜಿಲ್ಲೆಯಲ್ಲಿ ಹುಟ್ಟಿದ ಕಂದಗಲ್ಲ ಹನುಮಂತರಾಯರು (1896–1966). ಅವರ ‘ರಕ್ತರಾತ್ರಿ’, ‘ಕುರುಕ್ಷೇತ್ರ’ಗಳ ಪ್ರಾಸಬದ್ಧವಾದ, ಸಂಸ್ಕೃತಭೂಯಿಷ್ಠವಾದ ಮಾತುಗಳು ಓದಿದವರಿಗೇ ಕ್ಲಿಷ್ಟವಾಗಿರುವಾಗ, ಮಡ್ಡಿಯ ಹೊಲದ ಕುಂಟೆ ಹೊಡೆಯುವವನು ಅವನ್ನು ಒಂದಕ್ಷರ ತಪ್ಪದೆ ಗುಡುಗುತ್ತಿದ್ದುದನ್ನು ಹೇಗೆ ವಿವರಿಸುವುದು? ಅರ್ಥಕ್ಕಿಂತ ಮೊದಲು ನಾದವು ಈ ಜನಕ್ಕೆ ಒಲಿದಿತ್ತು ಎನ್ನಬೇಕು. ಇಂಡಿ ಸೀಮೆಯ ಹಲಸಂಗಿಯಲ್ಲಿ ಖಾಜಾಭಾಯಿಯಂಥ ಲಾವಣಿಕಾರರ ಪರಂಪರೆಯುಂಟು. ಹರದೇಶಿ-ನಾಗೇಶಿ ಪಂಗಡಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಇರುಳೆಲ್ಲ ವಾದ ಹೂಡಿದ ನೆಲ ಇದು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿ ಇಂಥ ಕಿವಿಯ ಸಂಪತ್ತನ್ನೇ ನಾಡಿಗೆ ತೋರಿಸಿದರು. ಪೌರಾಣಿಕದ ಬೆನ್ನಿಗೆ ಸಾಮಾಜಿಕ ನಾಟಕಗಳು ಬಂದವು, ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರರ ಚಲನಚಿತ್ರವಾದದ್ದು ಎಲ್ಲರಿಗೂ ತಿಳಿದಿದೆ. ಸಿನಿಮಾ ಬಂದುದರಿಂದ ಹಳ್ಳಿಯ ನಾಟಕ ಕುಗ್ಗಿತೆನ್ನುವುದು ಅರ್ಧಸತ್ಯ. ನಾಟಕದ ಕಥೆಯನ್ನು ಸಿನಿಮಾ ಒಯ್ದಂತೆ, ಸಿನಿಮಾದ ಧಾಟಿಯನ್ನು ನಾಟಕದ ಮಾಸ್ತರರೂ ಸಂಕೋಚವಿಲ್ಲದೆ ತಂದರು. ನೀರಾವರಿ ಬಂದು ಬೇಸಗೆಯಲ್ಲಿಯೂ ಹಸಿರಾಗಿರುವ ಹೊಲಗಳು ಒಕ್ಕಲಿಗನ ಬಿಡುವನ್ನು ಕಸಿದುಕೊಂಡದ್ದೇ ಹೆಚ್ಚಿನ ಕಾರಣವೆಂದು ನನಗೆ ತೋರುತ್ತದೆ.

1997ರಲ್ಲಿ ಜಿಲ್ಲೆಯು ಒಡೆದಾಗ ಕಂದಗಲ್ಲು ಗ್ರಾಮವು ಬಾಗಲಕೋಟೆಯ ಪಾಲಿಗೆ ಹೋಗಿ, ಹನುಮಂತರಾಯರ ಹೆಸರಿನ ರಂಗಮಂದಿರವು ವಿಜಾಪುರದಲ್ಲಿ ಉಳಿಯಿತು. ಸಭೆ, ಸನ್ಮಾನ, ಉಪನ್ಯಾಸಗಳಿಗೆ ಅದು ಬಹಳ ಅನುಕೂಲವಾದ ಕಟ್ಟಡ. ‘ರಕ್ತರಾತ್ರಿ’ಯನ್ನು ನೋಡಬೇಕೆಂದವರು ಮಾತ್ರ ಜಾತ್ರೆಯ ಕರಪತ್ರವನ್ನು ಓದಿಕೊಂಡು ಹಳ್ಳಿಗೆ ಹೋಗುವುದೇ ವಾಸಿ, ಅಲ್ಲಿ ಪರದೆ ಏಳುವುದು ಎಂದಿನಂತೆ ಒಂದೆರಡು ತಾಸು ತಡವಾಗಿಯೇ.