ಒಂದೇ ರೇಡಿಯೋ, ಎರಡು ಕೆಲಸ: ಬ್ಲೂಟೂತ್ ಏಕಕಾಲಕ್ಕೆ ಸಾರುವುದು, ಆಲಿಸುವುದು ಹೇಗೆ? ಇಲ್ಲಿದೆ ಮಾಹಿತಿ

ಮುಂಬೈ: ನಗರದ ಹಾರ್ಬರ್ ರೈಲು ಮಾರ್ಗ ವಡಾಲ ರೋಡ್ ನಿಲ್ದಾಣದ ಬಳಿ ಕವಲೊಡೆಯುತ್ತದೆ. ಒಂದು ಕವಲು ಪನ್ವೇಲ್ ಕಡೆಗೆ, ಇನ್ನೊಂದು ಅಂಧೇರಿ, ಗೋರೆಗಾಂವ್ ಕಡೆಗೆ. ಸಂಜೆಯ ಲೋಕಲ್ ರೈಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರಿಗೆ ಪಕ್ಕದವರ ಹೆಸರೂ ಗೊತ್ತಿರುವುದಿಲ್ಲ. ಕೊರೊನಾ ಕಾಲದಲ್ಲಿ ಇಂಥ ಅಪರಿಚಿತರ ಸಂಪರ್ಕವನ್ನು ನೆನಪಿಡುವ ಹೊಣೆಯನ್ನು ಮೊಬೈಲ್‌ಗೆ ವಹಿಸಲಾಯಿತು. 2020ರ ಏಪ್ರಿಲ್ 2ರಂದು ಬಿಡುಗಡೆಯಾದ 'ಆರೋಗ್ಯ ಸೇತು' ಆ್ಯಪ್ ಇದಕ್ಕೆ ಬ್ಲೂಟೂತ್ ಮತ್ತು ಜಿಪಿಎಸ್ ಬಳಸಿತು.

ಈ ವ್ಯವಸ್ಥೆಯಲ್ಲಿ ಪ್ರತಿ ಫೋನ್ ಎರಡು ಕೆಲಸ ಮಾಡಬೇಕು. 'ನಾನಿದ್ದೇನೆ' ಎಂದು ಸಾರುತ್ತಿರಬೇಕು, ಸುತ್ತಲಿನ ಫೋನ್‌ಗಳು ಸಾರುವುದನ್ನು ಆಲಿಸುತ್ತಲೂ ಇರಬೇಕು. ಆದರೆ ಫೋನ್‌ನಲ್ಲಿ ಈ ಕೆಲಸಕ್ಕೆ ಸಾಮಾನ್ಯವಾಗಿ ಇರುವುದು ಒಂದೇ ರೇಡಿಯೋ. ಅದು ಮಾತನಾಡುವಾಗ ಕೇಳಿಸಿಕೊಳ್ಳಲಾರದು. ಹಾಗಾದರೆ ಎರಡೂ ನಡೆಯುವುದು ಹೇಗೆ?

ಅಡ್ವರ್ಟೈಸಿಂಗ್, ಸ್ಕ್ಯಾನಿಂಗ್ ಎಂದರೇನು?

ಕಡಿಮೆ ವಿದ್ಯುತ್ ಬಳಸುವ 'ಬ್ಲೂಟೂತ್ ಲೋ ಎನರ್ಜಿ' 2010ರಲ್ಲಿ ಬ್ಲೂಟೂತ್ 4.0 ಆವೃತ್ತಿಯೊಂದಿಗೆ ಬಂದಿತು. ಇದರಲ್ಲಿ 40 ಚಾನೆಲ್‌ಗಳಿದ್ದು, 37, 38 ಮತ್ತು 39ನೇ ಚಾನೆಲ್‌ಗಳು ಇರುವಿಕೆ ಸಾರಲು ಮೀಸಲು. ಹೀಗೆ ಸಾರುವುದೇ ಅಡ್ವರ್ಟೈಸಿಂಗ್. ಜಾಹೀರಾತಿಗೂ ಇದಕ್ಕೂ ಸಂಬಂಧವಿಲ್ಲ. ಆ ಸಂದೇಶಗಳನ್ನು ಆಲಿಸುವುದು ಸ್ಕ್ಯಾನಿಂಗ್.

ಹಳೆಯ ಮಾದರಿಯ ಸಂದೇಶದಲ್ಲಿ ಗರಿಷ್ಠ 31 ಬೈಟ್ ಮಾಹಿತಿ ಹಿಡಿಸುತ್ತದೆ. ಅದನ್ನು ಕಳುಹಿಸಲು ಬೇಕಾಗುವುದು 376 ಮೈಕ್ರೋಸೆಕೆಂಡ್. ಮೂರು ಚಾನೆಲ್‌ಗಳಲ್ಲಿ ಒಂದಾದ ಮೇಲೊಂದರಂತೆ ಸಾರಿದರೂ ಪ್ರಸಾರಕ್ಕೆ ಹಿಡಿಯುವ ಸಮಯ ಸುಮಾರು 1.1 ಮಿಲಿಸೆಕೆಂಡ್ ಮಾತ್ರ. ಉಳಿದ ಸಮಯದಲ್ಲಿ ರೇಡಿಯೋ ಆಲಿಸಬಹುದು ಅಥವಾ ವಿಶ್ರಮಿಸಬಹುದು. ಅಂದರೆ 'ಏಕಕಾಲಕ್ಕೆ' ಎಂಬುದು ಹೊರಗಿನಿಂದ ಕಾಣುವ ನೋಟ. ಒಳಗೆ ನಡೆಯುವುದು ಸರದಿ.

ಬೋಗಿಯೊಳಗಿನ ಲೆಕ್ಕ

ವಡಾಲದಲ್ಲಿ ಹತ್ತಿದ ಇಬ್ಬರು ಪ್ರಯಾಣಿಕರನ್ನು ಊಹಿಸಿಕೊಳ್ಳಿ. ಒಬ್ಬರ ಫೋನ್ ಸೆಕೆಂಡಿಗೊಮ್ಮೆ ಸಾರುತ್ತದೆ. ಇನ್ನೊಬ್ಬರ ಫೋನ್ ಬ್ಯಾಟರಿ ಉಳಿಸಲು ಸುಮಾರು 5 ಸೆಕೆಂಡಿಗೊಮ್ಮೆ ಅರ್ಧ ಸೆಕೆಂಡ್ ಮಾತ್ರ ಆಲಿಸುತ್ತದೆ. ಒಂದು ಸರದಿಯಲ್ಲಿ ಸಂದೇಶ ಸಿಗುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ನಿಮಿಷಕ್ಕೆ ಸುಮಾರು 12 ಸರದಿ ಬರುತ್ತವೆ. ಬೇರೆ ಅಡ್ಡಿಯಿಲ್ಲದಿದ್ದರೆ ಅಷ್ಟೂ ಸಲ ತಪ್ಪುವ ಸಾಧ್ಯತೆ ಸರಿಸುಮಾರು 4,000ಕ್ಕೆ ಒಂದು.

ಇಬ್ಬರ ಗಡಿಯಾರಗಳೂ ಒಂದೇ ಲಯಕ್ಕೆ ಬಿದ್ದು ಪ್ರತಿಸಲವೂ ತಪ್ಪದಿರಲಿ ಎಂದು ನಿಯಮದಲ್ಲೇ ಒಂದು ಉಪಾಯವಿದೆ. ಪ್ರತಿ ಬಾರಿ ಸಾರುವ ಮುನ್ನ 0ರಿಂದ 10 ಮಿಲಿಸೆಕೆಂಡ್ ನಡುವಿನ ಯಾವುದಾದರೂ ವಿಳಂಬವನ್ನು ಸೇರಿಸಲಾಗುತ್ತದೆ. ಕಿಕ್ಕಿರಿದ ಬೋಗಿಯಲ್ಲಿ ಸಂದೇಶಗಳು ಪರಸ್ಪರ ಡಿಕ್ಕಿಯಾಗುವುದು, ಮನುಷ್ಯ ದೇಹವೇ ಸಿಗ್ನಲ್ ಹೀರುವುದು ಬೇರೆ ತೊಡಕುಗಳು.

ಎಡವಟ್ಟು ಆಗುವುದೆಲ್ಲಿ?

ಹಾಗಾಗಿ ಸಮಯ ಹಂಚಿಕೆ ಅಷ್ಟು ದೊಡ್ಡ ಸಮಸ್ಯೆಯಲ್ಲ. ಚಿಪ್ ಮತ್ತು ಆಪರೇಟಿಂಗ್ ಸಿಸ್ಟಂ ನಡುವೆ ಕೆಲಸ ಮಾಡುವ ಡ್ರೈವರ್ ಲೆಕ್ಕ ತಪ್ಪಿದಾಗ ತೊಂದರೆ ಶುರು. ಒಂದು ಕೆಲಸಕ್ಕಾಗಿ ಇನ್ನೊಂದನ್ನು ನಿಲ್ಲಿಸಿ, ಮತ್ತೆ ಆರಂಭಿಸಲು ಮರೆತರೆ ಪರದೆಯ ಮೇಲೆ ಯಾವ ದೋಷವೂ ಕಾಣುವುದಿಲ್ಲ. ಬ್ಲೂಟೂತ್ ಗುರುತು ಉರಿಯುತ್ತಲೇ ಇರುತ್ತದೆ, ಫೋನ್ ಮಾತ್ರ ಮೂಕ ಅಥವಾ ಕಿವುಡಾಗಿರುತ್ತದೆ. ಸಂಪರ್ಕ ಪತ್ತೆಯ ಆ್ಯಪ್‌ನಲ್ಲಿ ಇದರರ್ಥ, ಸೋಂಕಿತರ ಪಕ್ಕದಲ್ಲಿ ನಿಂತವರಿಗೆ ಎಚ್ಚರಿಕೆಯೇ ಬಾರದು.

ಒಳ್ಳೆಯ ಡ್ರೈವರ್ ಮಾಡಬೇಕಾದ ಕೆಲಸಗಳು ಹೀಗಿವೆ:

* ಮೊದಲು ಕೇಳುವುದು: ಯಾವ ಕೆಲಸಗಳನ್ನು ಒಟ್ಟಿಗೆ ಮಾಡಬಲ್ಲೆ ಎಂಬ ಪಟ್ಟಿಯನ್ನು ಚಿಪ್ ತಾನೇ ಕೊಡುತ್ತದೆ. ಆ ಜೋಡಿ ಪಟ್ಟಿಯಲ್ಲಿಲ್ಲದಿದ್ದರೆ ಡ್ರೈವರ್ ಸರದಿಯಂತೆ ಒಂದನ್ನು ನಿಲ್ಲಿಸಿ ಇನ್ನೊಂದನ್ನು ನಡೆಸಬೇಕು.
* ಕಾಯುವುದು: ಒಂದು ಆದೇಶಕ್ಕೆ ಚಿಪ್ ಉತ್ತರಿಸುವ ಮೊದಲೇ ವಿರುದ್ಧ ಆದೇಶ ಕಳುಹಿಸಬಾರದು. 'ಈಗ ಅನುಮತಿಯಿಲ್ಲ' ಎಂಬ ಉತ್ತರ ಬಂದರೆ ಅದನ್ನು ನುಂಗಿಹಾಕದೆ ಮರುಪ್ರಯತ್ನಿಸಬೇಕು.
* ಯಾರು ಕೇಳಿದ್ದು ಎಂದು ನೆನಪಿಡುವುದು: ಎರಡು ಆ್ಯಪ್‌ಗಳು ಸ್ಕ್ಯಾನಿಂಗ್ ಕೋರಿದ್ದಾಗ ಒಂದು ಆ್ಯಪ್ 'ಸಾಕು' ಎಂದರೆ ಇನ್ನೊಂದರ ಸ್ಕ್ಯಾನಿಂಗ್ ನಿಲ್ಲಬಾರದು.
* ವಿಳಾಸ ಬದಲಿಸುವಾಗ ಎಚ್ಚರ: ಗೌಪ್ಯತೆಗಾಗಿ ಫೋನ್ ತನ್ನ ತಾತ್ಕಾಲಿಕ ಬ್ಲೂಟೂತ್ ವಿಳಾಸವನ್ನು ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ ಬದಲಿಸುತ್ತದೆ. ಹಳೆಯ ಮಾದರಿಯ ಆದೇಶಗಳಲ್ಲಿ ಸಾರುವಾಗ ಅಥವಾ ಆಲಿಸುವಾಗ ಈ ಬದಲಾವಣೆ ಸಾಧ್ಯವಿಲ್ಲ. ಎರಡನ್ನೂ ನಿಲ್ಲಿಸಿ, ವಿಳಾಸ ಬದಲಿಸಿ, ನಿಲ್ಲಿಸಿದ್ದಷ್ಟನ್ನೂ ಮತ್ತೆ ಆರಂಭಿಸಬೇಕು.

2016ರ ಡಿಸೆಂಬರ್‌ನಲ್ಲಿ ಬಂದ ಬ್ಲೂಟೂತ್ 5 ಪ್ರತಿ ಪ್ರಸಾರ ಗುಂಪಿಗೂ ಪ್ರತ್ಯೇಕ ವಿಳಾಸ ನೀಡುವ ಸೌಲಭ್ಯ ತಂದು ಈ ಕೊನೆಯ ಗಂಟನ್ನು ಸಡಿಲಿಸಿತು.

ಐಫೋನ್ ಕಲಿಸಿದ ಪಾಠ

ಡ್ರೈವರ್ ಸರಿಯಿದ್ದರೂ ಆಪರೇಟಿಂಗ್ ಸಿಸ್ಟಂ ಅಡ್ಡ ಬರಬಹುದು. ಐಫೋನ್‌ನಲ್ಲಿ ಆ್ಯಪ್ ಹಿನ್ನೆಲೆಗೆ ಸರಿದಾಗ ಅದರ ಬ್ಲೂಟೂತ್ ಸಂದೇಶದ ರೂಪವೇ ಬದಲಾಗುತ್ತದೆ. 2020ರ ಮಾರ್ಚ್‌ನಲ್ಲಿ ಸಿಂಗಾಪುರ ಬಿಡುಗಡೆ ಮಾಡಿದ 'ಟ್ರೇಸ್‌ಟುಗೆದರ್' ಆ್ಯಪ್ ಬಳಸುವ ಐಫೋನ್ ಗ್ರಾಹಕರು ಅದನ್ನು ಪರದೆಯ ಮೇಲೆ ತೆರೆದೇ ಇಡಬೇಕಾದ ಸ್ಥಿತಿ ಬಂತು. ಏಪ್ರಿಲ್ 10ರಂದು ಆ್ಯಪಲ್ ಮತ್ತು ಗೂಗಲ್ ಜಂಟಿ ವ್ಯವಸ್ಥೆ ಘೋಷಿಸಿ, ಈ ಕೆಲಸವನ್ನು ಆಪರೇಟಿಂಗ್ ಸಿಸ್ಟಂ ಒಳಕ್ಕೇ ತಂದವು. ಅದರ ಪ್ರಕಾರ 200ರಿಂದ 270 ಮಿಲಿಸೆಕೆಂಡಿಗೊಮ್ಮೆ ಸಾರುವುದು, ಕನಿಷ್ಠ 5 ನಿಮಿಷಕ್ಕೊಮ್ಮೆ ಆಲಿಸುವುದು ನಿಗದಿಯಾಯಿತು. ಸಾರುವುದು ಅಗ್ಗ, ಆಲಿಸುವುದು ಬ್ಯಾಟರಿಗೆ ದುಬಾರಿ ಎಂಬುದೇ ಈ ಅಂತರಕ್ಕೆ ಕಾರಣ.

ಈಗ ಏನಾಗಿದೆ?

ಆರೋಗ್ಯ ಸೇತು ಆ್ಯಪ್‌ನ ಆಂಡ್ರಾಯ್ಡ್ ಆವೃತ್ತಿಯ ಕೋಡ್ 2020ರ ಮೇ 26ರಂದು ಬಹಿರಂಗಗೊಂಡಿತು. ಬಳಕೆದಾರರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಹಂಚಿಕೊಳ್ಳದಂತೆ 2021ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಮಧ್ಯಂತರ ಆದೇಶ ನೀಡಿತು. ಸಂಪರ್ಕ ಪತ್ತೆ ಸೌಲಭ್ಯವನ್ನು ನಿಲ್ಲಿಸಲಾಗಿದೆ, ಸಂಗ್ರಹಿಸಿದ್ದ ಮಾಹಿತಿಯನ್ನು ಅಳಿಸಲಾಗಿದೆ ಎಂದು ಕೇಂದ್ರ ಸಂಸತ್ತಿಗೆ ತಿಳಿಸಿತು.

ಆ್ಯಪ್‌ನ ಆ ಪಾತ್ರ ಮುಗಿದರೂ ತಂತ್ರ ಬಳಕೆಯಲ್ಲಿದೆ. ಕೈಗಡಿಯಾರ, ಇಯರ್‌ಬಡ್, ಕಳೆದ ವಸ್ತು ಹುಡುಕುವ ಟ್ಯಾಗ್‌ಗಳೆಲ್ಲ ಇದೇ ಮೂರು ಚಾನೆಲ್‌ಗಳನ್ನು ನೆಚ್ಚಿಕೊಂಡಿವೆ. ಪಕ್ಕದಲ್ಲೇ ಇರುವ ಸಾಧನ ಕಾಣಿಸದೆ, ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿದೊಡನೆ ಸಿಕ್ಕಿದರೆ, ಯಾವುದೋ ಹಂತದಲ್ಲಿ ಸರದಿಯ ಲೆಕ್ಕ ತಪ್ಪಿದ್ದಿರಬಹುದು. ಆಫ್ ಮಾಡಿ ಆನ್ ಮಾಡಿದಾಗ ಡ್ರೈವರ್ ಆ ಲೆಕ್ಕವನ್ನು ಮೊದಲಿನಿಂದ ಶುರು ಮಾಡುತ್ತದೆ.