ಮನೆಯ ಕಂಪ್ಯೂಟರಿಗೆ ಎಂಥ ಆಂಟಿವೈರಸ್ ಬೇಕು?

ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೋದರೆ ಬ್ಯಾಗು, ಮೌಸುಗಳ ಜೊತೆಗೆ "ಆಂಟಿವೈರಸ್ ಹಾಕಿಕೊಡಲೇ?" ಎಂಬ ಪ್ರಶ್ನೆಯೂ ಎದುರಾಗುತ್ತದೆ. ರಕ್ಷಣೆ ಬೇಕೇ ಬೇಕು, ಸರಿ. ಆದರೆ ಅದನ್ನು ದುಡ್ಡು ಕೊಟ್ಟೇ ಪಡೆಯಬೇಕೆ? ಸ್ಪೈವೇರ್ ತಡೆಯಲು ಬೇರೆ ತಂತ್ರಾಂಶ ಬೇಕೆ? ಒಂದರ ಬದಲು ಎರಡು ಹಾಕಿದರೆ ಇನ್ನೂ ಒಳ್ಳೆಯದೆ?

ವೈರಸ್ ಬೇರೆ, ಸ್ಪೈವೇರ್ ಬೇರೆ

ತನ್ನ ಪ್ರತಿಗಳನ್ನು ತಾನೇ ಮಾಡಿಕೊಂಡು ಹರಡುವ ಕುತಂತ್ರಾಂಶವೇ ವೈರಸ್. 1986ರಲ್ಲಿ ಲಾಹೋರಿನಿಂದ ಹೊರಟ 'ಬ್ರೇನ್' ವೈರಸ್ ಫ್ಲಾಪಿಗಳ ಮೂಲಕ ಹಲವು ದೇಶಗಳನ್ನು ತಲುಪಿತ್ತು. ಸ್ಪೈವೇರ್ ಹಾಗಲ್ಲ. ಅದು ಸದ್ದಿಲ್ಲದೆ ಕುಳಿತು ನಾವು ಟೈಪಿಸುವ ಪಾಸ್‌ವರ್ಡ್, ನೋಡುವ ಜಾಲತಾಣಗಳ ವಿವರವನ್ನೆಲ್ಲ ಕದ್ದು ಬೇರೆಯವರಿಗೆ ಕಳುಹಿಸುತ್ತದೆ.

ಹಿಂದೆ ಇವೆರಡನ್ನೂ ಹಿಡಿಯಲು ಬೇರೆ ಬೇರೆ ತಂತ್ರಾಂಶಗಳಿದ್ದವು. ಮೈಕ್ರೋಸಾಫ್ಟ್‌ನ 'ವಿಂಡೋಸ್ ಡಿಫೆಂಡರ್' ಕೂಡ ಮೊದಲಿಗೆ ಸ್ಪೈವೇರನ್ನಷ್ಟೇ ಗುರುತಿಸುತ್ತಿತ್ತು. 2012ರಲ್ಲಿ ಬಂದ ವಿಂಡೋಸ್ 8ರಲ್ಲಿ ಅದು ಪೂರ್ಣ ಪ್ರಮಾಣದ ಆಂಟಿವೈರಸ್ ಆಯಿತು. ಈಗಿನ ಒಳ್ಳೆಯ ಆಂಟಿವೈರಸ್‌ಗಳೆಲ್ಲ ಎರಡೂ ಕೆಲಸ ಮಾಡುವುದರಿಂದ ಸ್ಪೈವೇರ್‌ಗಾಗಿ ಪ್ರತ್ಯೇಕ ತಂತ್ರಾಂಶ ಬೇಕಿಲ್ಲ.

ಈಗಾಗಲೇ ಇರುವ ಕಾವಲುಗಾರ

ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಉಚಿತವಾಗಿ ಜೊತೆಗೇ ಬರುತ್ತದೆ. ಬ್ಯಾಂಕ್ ವ್ಯವಹಾರ, ಮಕ್ಕಳ ಓದು, ಸಿನಿಮಾ ನೋಡುವುದು ಇಷ್ಟಕ್ಕೇ ಸೀಮಿತವಾದ ಹೆಚ್ಚಿನ ಮನೆಗಳಿಗೆ ಇದೇ ಸಾಕು. ಸ್ಟಾರ್ಟ್ ಮೆನುವಿನಲ್ಲಿ 'ವಿಂಡೋಸ್ ಸೆಕ್ಯುರಿಟಿ' ಎಂದು ಹುಡುಕಿ, ಅಲ್ಲಿ 'ರಿಯಲ್-ಟೈಮ್ ಪ್ರೊಟೆಕ್ಷನ್' ಆನ್ ಆಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಎರಡಿದ್ದರೆ ದುಪ್ಪಟ್ಟು ರಕ್ಷಣೆಯೆ?

ಇಲ್ಲ. ನೀವು ತೆರೆಯುವ ಪ್ರತಿಯೊಂದು ಕಡತವನ್ನೂ ಎರಡೂ ಆಂಟಿವೈರಸ್‌ಗಳು ಪರೀಕ್ಷಿಸಲು ಹೊರಟರೆ ಕಂಪ್ಯೂಟರ್ ನಿಧಾನವಾಗುತ್ತದೆ. ಒಂದು ಇನ್ನೊಂದನ್ನೇ ಶಂಕಿಸುವುದೂ ಉಂಟು. ಹಾಗಾಗಿಯೇ ಬೇರೆ ಆಂಟಿವೈರಸ್ ಹಾಕಿದಾಗ ಡಿಫೆಂಡರ್ ಸಾಮಾನ್ಯವಾಗಿ ತಾನೇ ಪಕ್ಕಕ್ಕೆ ಸರಿಯುತ್ತದೆ. ಲ್ಯಾಪ್‌ಟಾಪಿನ ಜೊತೆ ಬಂದ ಪ್ರಾಯೋಗಿಕ ಆಂಟಿವೈರಸ್‌ನ ಅವಧಿ ಮುಗಿದಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಡಿಫೆಂಡರ್ ಮತ್ತೆ ಕೆಲಸ ಶುರುಮಾಡಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಬೇರೆಯದೇ ಬೇಕೆನಿಸಿದರೆ

ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಸೇರಿದಂತೆ ಹಲವು ಸಂಸ್ಥೆಗಳ ಆಂಟಿವೈರಸ್‌ಗಳು ಮಾರುಕಟ್ಟೆಯಲ್ಲಿವೆ. ಆರಿಸುವಾಗ ಇಷ್ಟನ್ನು ಗಮನಿಸಿ:

• ಪರೀಕ್ಷೆಯ ಫಲಿತಾಂಶ: ಜರ್ಮನಿಯ ಎವಿ-ಟೆಸ್ಟ್ ಹಾಗೂ ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಆಂಟಿವೈರಸ್‌ಗಳನ್ನು ಆಗಾಗ ಪರೀಕ್ಷಿಸಿ ವರದಿ ಪ್ರಕಟಿಸುತ್ತವೆ. ಎಷ್ಟು ಕುತಂತ್ರಾಂಶ ಹಿಡಿಯಿತು ಎನ್ನುವುದರ ಜೊತೆಗೆ ಕಂಪ್ಯೂಟರನ್ನು ಎಷ್ಟು ನಿಧಾನಗೊಳಿಸಿತು, ಎಷ್ಟು ಬಾರಿ ಸುಳ್ಳು ಎಚ್ಚರಿಕೆ ಕೊಟ್ಟಿತು ಎನ್ನುವುದನ್ನೂ ನೋಡಿ.

• ಮುಂದಿನ ವರ್ಷದ ಬೆಲೆ: ಮೊದಲ ವರ್ಷದ ರಿಯಾಯಿತಿ ನವೀಕರಣದ ಸಮಯದಲ್ಲಿ ಇರಲಿಕ್ಕಿಲ್ಲ. ಖಾತೆಯಿಂದ ಹಣ ತಾನಾಗಿಯೇ ಕಡಿತವಾಗುವ ಆಯ್ಕೆ ಇದೆಯೇ ಎಂದು ಪರಿಶೀಲಿಸಿ.

• ಖಾಸಗಿತನ: ಆಂಟಿವೈರಸ್‌ಗೆ ಕಂಪ್ಯೂಟರಿನ ಮೂಲೆಮೂಲೆಗೂ ಪ್ರವೇಶವಿರುತ್ತದೆ. ಬಳಕೆದಾರರ ಜಾಲತಾಣ ಭೇಟಿಯ ಮಾಹಿತಿಯನ್ನು ಮಾರಿದ ಆರೋಪದ ಪ್ರಕರಣದಲ್ಲಿ ಅವಾಸ್ಟ್ ಸಂಸ್ಥೆ 1.65 ಕೋಟಿ ಡಾಲರ್ ತೆರಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಪ್ರಕಟಿಸಿತು. ಉಚಿತವೇ ಇರಲಿ, ದುಡ್ಡಿನದೇ ಇರಲಿ, ಮಾಹಿತಿ ಹಂಚಿಕೆಯ ಆಯ್ಕೆಗಳನ್ನು ಓದಿ ಬೇಡವಾದದ್ದನ್ನು ಆಫ್ ಮಾಡಿ.

• ಎಲ್ಲಿಂದ ಪಡೆಯುತ್ತೀರಿ: ಆಯಾ ಸಂಸ್ಥೆಯ ಜಾಲತಾಣದಿಂದಲೇ ಡೌನ್‌ಲೋಡ್ ಮಾಡಿ. 'ಕ್ರ್ಯಾಕ್' ಮಾಡಿದ ಆಂಟಿವೈರಸ್ ಹಾಕಿಕೊಳ್ಳುವುದು ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ.

ನಕಲಿ ಎಚ್ಚರಿಕೆಗಳು

ಜಾಲತಾಣ ನೋಡುತ್ತಿರುವಾಗ "ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್‌ಗಳಿವೆ, ಈ ಸಂಖ್ಯೆಗೆ ಕರೆಮಾಡಿ" ಎಂಬ ಸಂದೇಶ ಬಂದರೆ ನಂಬಬೇಡಿ. ಜಾಲತಾಣವೊಂದು ನಿಮ್ಮ ಕಂಪ್ಯೂಟರಿನ ಕಡತಗಳನ್ನೆಲ್ಲ ತಾನಾಗಿಯೇ ಸ್ಕ್ಯಾನ್ ಮಾಡಲಾರದು. ಆಲ್ಟ್ ಕೀಲಿ ಒತ್ತಿಹಿಡಿದು ಎಫ್4 ಒತ್ತಿ ಆ ಕಿಟಕಿಯನ್ನು ಮುಚ್ಚಿಬಿಡಿ. ಅವರು ಹೇಳಿದ ತಂತ್ರಾಂಶ ಹಾಕಿಕೊಂಡರೆ ಅದೇ ಸ್ಪೈವೇರ್ ಆಗಿರಬಹುದು. ನಿಜಕ್ಕೂ ಸೋಂಕಿನ ಅನುಮಾನವಿದ್ದರೆ ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ 'ಸೈಬರ್ ಸ್ವಚ್ಛತಾ ಕೇಂದ್ರ'ದ ಜಾಲತಾಣದಲ್ಲಿ ಉಚಿತ ಸಾಧನಗಳು ಸಿಗುತ್ತವೆ.

ಆಂಟಿವೈರಸ್ ಮಾಡಲಾಗದ ಕೆಲಸ

2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಹಲವು ದೇಶಗಳ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಸುಳಿದ ದೋಷವನ್ನು ಸರಿಪಡಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸಾಧ್ಯವಿದ್ದವರು 11ಕ್ಕೆ ಬದಲಾಯಿಸಿಕೊಳ್ಳುವುದು ಹೊಸ ಆಂಟಿವೈರಸ್ ಕೊಳ್ಳುವುದಕ್ಕಿಂತ ಮುಖ್ಯ.

ಫೋಟೋ, ದಾಖಲೆಗಳ ಒಂದು ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿಟ್ಟು, ಕೆಲಸ ಮುಗಿದ ಮೇಲೆ ಅದನ್ನು ಕಂಪ್ಯೂಟರಿನಿಂದ ಬೇರ್ಪಡಿಸಿಡಿ. ಫೋನಿನಲ್ಲಿ ನಾವೇ ಓಟಿಪಿ ಹೇಳಿಬಿಟ್ಟರೆ ಯಾವ ಆಂಟಿವೈರಸ್ಸೂ ನಮ್ಮನ್ನು ಕಾಯಲಾರದು. ಹಾಗೇನಾದರೂ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆಮಾಡಿ ದೂರು ಕೊಡಿ.