ಬಾಡಿಗೆ ಕೊಟ್ಟದ್ದಕ್ಕೆ ಸಾಕ್ಷಿ ಯಾರು?

ಮದ್ರಾಸಿನ ಬೀಚ್ ನಿಲ್ದಾಣದಿಂದ ತಾಂಬರಂಗೆ ವಿದ್ಯುತ್ ರೈಲು ಓಡತೊಡಗಿದ್ದು 1931ರಲ್ಲಿ. ನಗರದಲ್ಲಿ ಕೆಲಸ, ತಾಂಬರಂನಲ್ಲಿ ಬಾಡಿಗೆ ಮನೆ ಎಂಬ ಬದುಕಿಗೆ ಈ ರೈಲು ದಾರಿ ಮಾಡಿಕೊಟ್ಟಿತು. 1964ರಲ್ಲಿ ತಾಂಬರಂ ಪುರಸಭೆಯಾಯಿತು. ಅಷ್ಟು ಹೊತ್ತಿಗೆ ಮದ್ರಾಸ್ ಪ್ರಾಂತ್ಯದ ಬಾಡಿಗೆ ಕಾನೂನಿಗೆ ಇಪ್ಪತ್ತು ವರ್ಷ ದಾಟಿತ್ತು.

ಯುದ್ಧಕಾಲದಲ್ಲಿ ಮನೆಗಳಿಗೆ ಅಭಾವ ಬಂದಾಗ, 1941ರಲ್ಲಿ ಬಾಡಿಗೆ ನಿಯಂತ್ರಣದ ಆದೇಶ ಹೊರಟಿತು. ಅದೇ 1946ರಲ್ಲಿ ಕಾಯ್ದೆಯಾಗಿ, 1949ರಲ್ಲಿ ಬದಲಾಗಿ, ಕೊನೆಗೆ 1960ರ ಕಾಯ್ದೆಯಾಯಿತು. ಅದರ 8ನೇ ಕಲಮು ರಸೀದಿಯನ್ನು ಮಾಲೀಕನ ಕರ್ತವ್ಯ ಎಂದಿತು: ಬಾಡಿಗೆಯಾಗಲಿ ಮುಂಗಡವಾಗಲಿ, ನಿಜವಾಗಿ ಪಡೆದ ಮೊತ್ತಕ್ಕೆ ಸಹಿ ಮಾಡಿದ ರಸೀದಿ ಕೊಡಬೇಕು.

‘ನಿಜವಾಗಿ ಪಡೆದ’ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಅದೇ ಕಾಯ್ದೆಯಲ್ಲಿ ನ್ಯಾಯಬದ್ಧ ಬಾಡಿಗೆಯನ್ನು ಗೊತ್ತುಪಡಿಸಬಹುದಿತ್ತು. ಗೊತ್ತಾದ ಮೇಲೆ ಹೆಚ್ಚು ಕೇಳುವಂತಿರಲಿಲ್ಲ. ಹೆಚ್ಚು ಪಡೆದವನು ಪೂರ್ತಿ ಮೊತ್ತ ಬರೆದರೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ. ಹಾಗಾಗಿ ಕೆಲವು ಮಾಲೀಕರಿಗೆ ರಸೀದಿ ಕೊಡದಿರುವುದೇ ಕ್ಷೇಮ.

ಬಾಡಿಗೆದಾರನಿಗಾದರೋ ಆ ಚೀಟಿಯೇ ಮನೆಯ ಆಧಾರ. ಬೇಕೆಂದೇ ಬಾಡಿಗೆ ಬಾಕಿ ಉಳಿಸಿದವನನ್ನು 10ನೇ ಕಲಮಿನಡಿ ಬಿಡಿಸಬಹುದಿತ್ತು. ಕೈಯಲ್ಲಿ ನಗದು ಕೊಟ್ಟು ರಸೀದಿ ಪಡೆಯದವನು ಕೊಟ್ಟೆನೆಂದು ರುಜುವಾತು ಮಾಡುವುದು ಹೇಗೆ? ‘ಬೇಕೆಂದೇ’ ಎಂಬುದರ ಅರ್ಥವೇನೆಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು; ಸುಂದರಂ ಪಿಳ್ಳೈ ಪ್ರಕರಣದಲ್ಲಿ 1985ರಲ್ಲಿ ತೀರ್ಪು ಬಂತು.

ಮಾಲೀಕ ಬಾಡಿಗೆಯನ್ನೇ ತೆಗೆದುಕೊಳ್ಳದೆ ಬಾಕಿದಾರನ ಹಣೆಪಟ್ಟಿ ಕಟ್ಟಿಬಿಡಬಹುದು ಎಂಬುದೂ ಕಾನೂನು ಬರೆದವರಿಗೆ ತಿಳಿದಿತ್ತು. ಅದಕ್ಕೆಂದೇ 8ನೇ ಕಲಮಿನಲ್ಲಿ ಮೆಟ್ಟಿಲುಗಳನ್ನಿಟ್ಟರು. ಮೊದಲು, ಹತ್ತು ದಿನದೊಳಗೆ ಒಂದು ಬ್ಯಾಂಕಿನ ಹೆಸರು ಹೇಳಿ ಎಂದು ಮಾಲೀಕನಿಗೆ ನೋಟಿಸು. ಹೇಳದಿದ್ದರೆ ಮನಿಯಾರ್ಡರ್, ಅದರ ಕಮಿಷನ್ನನ್ನು ಬಾಡಿಗೆಯಲ್ಲೇ ಮುರಿದುಕೊಳ್ಳಬಹುದು. ಅದನ್ನೂ ನಿರಾಕರಿಸಿದರೆ ಬಾಡಿಗೆ ನಿಯಂತ್ರಣಾಧಿಕಾರಿಯ ಮುಂದೆ ಠೇವಣಿ. ಮಾಲೀಕ ಬರೆಯದ ರಸೀದಿಯನ್ನು ಬ್ಯಾಂಕು, ಅಂಚೆ ಕಚೇರಿ, ಇಲ್ಲವೇ ಕಚೇರಿಯ ಗುಮಾಸ್ತ ಬರೆಯುತ್ತಿದ್ದ. ಮನಿಯಾರ್ಡರ್ ವಾಪಸು ಬಂದರೂ ಅದೂ ಒಂದು ಸಾಕ್ಷಿಯೇ.

2019ರ ಫೆಬ್ರವರಿ 22ರಂದು ತಮಿಳುನಾಡಿನಲ್ಲಿ 2017ರ ಹೊಸ ಕಾಯ್ದೆ ಜಾರಿಯಾಗಿ, 1960ರದು ರದ್ದಾಯಿತು. ಈಗ ಒಪ್ಪಂದ ಬರಹದಲ್ಲಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. 2021ರಲ್ಲಿ ತಾಂಬರಂ ಮಹಾನಗರ ಪಾಲಿಕೆಯೂ ಆಯಿತು. ಬಾಡಿಗೆ ಈಗ ಫೋನಿನಲ್ಲೇ ಹೋಗುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ ಉಳಿಯುತ್ತದೆ. ಆದರೆ ಆ ಲೆಕ್ಕ ಹೇಳುವುದು ಹಣ ಯಾರಿಂದ ಯಾರಿಗೆ ಹೋಯಿತು ಎಂದಷ್ಟೇ. ಯಾವ ಮನೆಗೆ, ಯಾವ ತಿಂಗಳಿಗೆ, ಬಾಡಿಗೆಯೋ ಮುಂಗಡವೋ ಸಾಲವೋ ಎಂಬುದನ್ನು ಇವತ್ತಿಗೂ ಸ್ಪಷ್ಟವಾಗಿ ಹೇಳುವುದು ಸಹಿ ಇರುವ ಆ ಪುಟ್ಟ ಚೀಟಿಯೇ.